ಸಂಪಾತಿಯ ಬಂಧುಗಳು

ಕಿಷ್ಕಿಂಧಾಕಾಂಡದ ಕಡೆಯ ಭಾಗವನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ವರ್ಷವೂ ನನಗೆ ಒಂದೇ ಬಗೆಯ ಅನುಭವವಾಗುತ್ತದೆ. ಜಟಾಯುವಿನ ಪ್ರಸಂಗವನ್ನು ಕೇಳುವಾಗ ಮೈಯೆಲ್ಲ ಕಿವಿಯಾಗಿದ್ದ ಹುಡುಗರು, ಅವನ ಅಣ್ಣ ಸಂಪಾತಿಯ ಪ್ರಸಂಗ ಬಂದೊಡನೆ ಕಿಟಕಿಯ ಆಚೆಗೆ ನೋಡತೊಡಗುತ್ತಾರೆ. ಅವರದೇನೂ ತಪ್ಪಿಲ್ಲ. ಜಟಾಯು ವೀರ, ರಾವಣನ ರಥಕ್ಕೆ ಅಡ್ಡಗಟ್ಟಿ, ರೆಕ್ಕೆ ಕತ್ತರಿಸಿಕೊಂಡು ಬಿದ್ದು, ರಾಮನ ಕಣ್ಣೆದುರಿನಲ್ಲಿ ಪ್ರಾಣಬಿಟ್ಟವನು. ಸಂಪಾತಿಯಾದರೋ ಸತ್ತು ಕೀರ್ತಿಶೇಷನಾಗಲಿಲ್ಲ, ಬದುಕಿ ಪರಾಕ್ರಮವನ್ನೂ ತೋರಲಿಲ್ಲ. ತಾರುಣ್ಯದ ಮದದಲ್ಲಿ ತಮ್ಮನೊಡನೆ ಸೂರ್ಯನೆಡೆಗೆ ಹಾರಿದ. ಉರಿಗೆ ಕಂಗೆಟ್ಟ ತಮ್ಮನಿಗೆ ತನ್ನ ರೆಕ್ಕೆಗಳನ್ನೇ ಕೊಡೆಯಾಗಿ ಹಿಡಿದ. ಅವು ಸುಟ್ಟುಹೋಗಲು ವಿಂಧ್ಯದ ಮೇಲೆ ಬಂದು ಬಿದ್ದ. ಅಲ್ಲಿಂದ ಮುಂದೆ ಮಗ ಸುಪಾರ್ಶ್ವ ತಂದುಕೊಟ್ಟ ಆಹಾರವನ್ನು ತಿಂದು, ಬಂಡೆಗಳ ನಡುವೆ ತೆವಳುತ್ತ ದೀರ್ಘಕಾಲ ಬದುಕಿದ. ಇಷ್ಟೇ ಅವನ ಚರಿತ್ರೆ ಎಂದು ಹುಡುಗರಿಗೆ ತೋರುತ್ತದೆ.

ಕಳೆದ ವರ್ಷ ಈ ಪಾಠ ನಡೆಯುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಹಾರಲಾರದ ಹದ್ದು ಬದುಕಿದ್ದು ಮಾಡುವುದೇನು, ಸಾರ್? ತಮ್ಮನ ಹಾಗೆ ಅವನೂ ಆಗಲೇ ಸತ್ತಿದ್ದರೆ ಚೆನ್ನಾಗಿತ್ತಲ್ಲವೆ?” ಎಂದು ಕೇಳಿದ. ತರಗತಿ ನಕ್ಕಿತು. ಗಂಟೆಯೂ ಹೊಡೆಯಿತು. ಉತ್ತರವನ್ನು ನಾಳೆ ಹೇಳುತ್ತೇನೆಂದು ಹೊರಗೆ ಬಂದೆ. ಆದರೆ ಮರುದಿನವೂ ಹೇಳಲಾಗಲಿಲ್ಲ. ಆ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ಅದು ಏಕೆ ಹೊಸದಲ್ಲವೆಂಬುದನ್ನು ಕಡೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ನಮ್ಮ ಕಾಲದಲ್ಲಿಯೇ ಸಮುದ್ರದಾಚೆಯ ನಾಡೊಂದರಲ್ಲಿ ಬದುಕಿದ ಕೆಲವು ಸಂಪಾತಿಗಳ ಕಥೆಯನ್ನು ವಾಚಕರ ಮುಂದಿಡಬೇಕಾಗಿದೆ.

*

ಆ ನಾಡು ಅಮೆರಿಕದ ಸಂಯುಕ್ತ ಸಂಸ್ಥಾನ. ಆ ಹಕ್ಕಿ ಅಲ್ಲಿಯವರು ‘ಬಾಲ್ಡ್ ಈಗಲ್’ ಎಂದು ಕರೆಯುವ ಬಿಳಿತಲೆಯ ಹದ್ದು. ಇದನ್ನು ‘ಬೋಳು ಹದ್ದು’ ಎಂದು ಕನ್ನಡಿಸುವುದು ತಪ್ಪು. ಅದರ ತಲೆ ಬೋಳಲ್ಲ, ಹಾಲಿನಂಥ ಬಿಳಿಯ ಗರಿಗಳಿಂದ ತುಂಬಿದೆ. ಆ ಇಂಗ್ಲಿಷ್ ಶಬ್ದಕ್ಕೆ ಹಿಂದೆ ಬಿಳಿಯ ಗುರುತುಳ್ಳದ್ದು ಎಂಬ ಅರ್ಥವೂ ಇದ್ದಿತು. ಕಾಲಕ್ರಮದಲ್ಲಿ ಆ ಅರ್ಥ ಸವೆದು, ಹೆಸರು ಮಾತ್ರ ನಿಂತಿತು. ನಮ್ಮ ಕೆರೆಗಳ ಮೇಲೆ ಸುತ್ತುವ, ತಲೆ ಎದೆಗಳು ಬೆಳ್ಳಗಿದ್ದು ಮೈ ಕೆಂಗಂದಾಗಿರುವ ಗರುಡನನ್ನು ನೋಡಿದವರು, ಅದನ್ನೇ ಬಹಳ ದೊಡ್ಡದು ಮಾಡಿ, ಮೈಗೆ ಗಾಢವಾದ ಕಂದು ಬಣ್ಣವನ್ನೂ ಬಾಲಕ್ಕೆ ಬಿಳುಪನ್ನೂ ಹಚ್ಚಿ ಊಹಿಸಿಕೊಂಡರೆ ಸಾಕು. ಬಿಚ್ಚಿದ ರೆಕ್ಕೆಗಳ ಅಗಲ ಎರಡು ಮೀಟರಿನಷ್ಟು. ಮೀನು ಇದರ ಮುಖ್ಯ ಆಹಾರ. ಮರಿಯಾಗಿದ್ದಾಗ ಮೈಯೆಲ್ಲ ಕಂದು. ತಲೆ ಬೆಳ್ಳಗಾಗಲು ಸುಮಾರು ಐದು ವರ್ಷ ಬೇಕು. ನಮ್ಮ ಜಟಾಯು ಸಂಪಾತಿಗಳು ಸಂಸ್ಕೃತದಲ್ಲಿ ಗೃಧ್ರರೆನಿಸಿಕೊಂಡವರು. ಶಾಸ್ತ್ರದ ದೃಷ್ಟಿಯಿಂದ ಈ ಹಕ್ಕಿ ಅವರ ಜಾತಿಯದಲ್ಲ. ಆದರೆ ಕನ್ನಡದ ಜನ ಹದ್ದೆಂಬ ಹೆಸರನ್ನು ಧಾರಾಳವಾಗಿ ಹಂಚಿದ್ದಾರೆ. ಆ ಧಾರಾಳದ ನೆರಳಿನಲ್ಲಿ ಇವರನ್ನು ಬಂಧುಗಳೆಂದು ಕರೆಯಲು ನನಗೆ ಸಂಕೋಚವಿಲ್ಲ.

೧೭೮೨ರಿಂದ ಈ ಹಕ್ಕಿ ಆ ದೇಶದ ರಾಜಮುದ್ರೆಯ ಮೇಲಿದೆ. ಆದರೆ ಮುದ್ರೆಯ ಮೇಲೆ ಮೆರೆದ ಹಕ್ಕಿಗೆ ಮರದ ಮೇಲೆ ನೆಲೆಯಿಲ್ಲದ ಕಾಲವೂ ಬಂದಿತು. ಬಂದೂಕಿನವರು ಕೊಂದರು; ಕಾಡು ಕಡಿದವರು ಗೂಡು ಕೆಡಹಿದರು; ಎರಡನೆಯ ಮಹಾಯುದ್ಧದ ತರುವಾಯ ಹೊಲಗದ್ದೆಗಳಿಗೆ ಸುರಿದ ಡಿ.ಡಿ.ಟಿ. ನೀರಿಗಿಳಿದು, ನೀರಿನಿಂದ ಮೀನಿಗೆ, ಮೀನಿನಿಂದ ಹದ್ದಿಗೆ ಸೇರಿತು. ಹದ್ದು ಸಾಯಲಿಲ್ಲ, ಅದರ ಮೊಟ್ಟೆಯ ಚಿಪ್ಪು ತೆಳುವಾಯಿತು. ಕಾವಿಗೆಂದು ಕುಳಿತ ತಾಯಿಯ ಭಾರಕ್ಕೆ ಮೊಟ್ಟೆ ಒಡೆಯಿತು. ಮಮತೆಯೇ ಮೃತ್ಯುವಾಗುವ ಇಂಥ ವಿಪರ್ಯಾಸವನ್ನು ಯಾವ ದುರಂತ ನಾಟಕಕಾರನೂ ಕಲ್ಪಿಸಿರಲಾರ. ೧೯೬೩ರಲ್ಲಿ ಅಲಾಸ್ಕ ಹವಾಯಿಗಳನ್ನುಳಿದು ದೇಶದಲ್ಲೆಲ್ಲ ಎಣಿಕೆಗೆ ಸಿಕ್ಕ ಗೂಡುಕಟ್ಟಿದ ಜೋಡಿಗಳು ಕೇವಲ ೪೧೭. ಅದಕ್ಕೆ ಹಿಂದಿನ ವರ್ಷ, ೧೯೬೨ರಲ್ಲಿ, ರೇಚೆಲ್ ಕಾರ್ಸನ್ ಎಂಬ ವಿದುಷಿ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಗ್ರಂಥವನ್ನು ಬರೆದು ಜನರ ಕಣ್ಣು ತೆರೆಸಿದ್ದಳು. ೧೯೭೨ರಲ್ಲಿ ಡಿ.ಡಿ.ಟಿ.ಗೆ ನಿಷೇಧ ಬಂದಿತು. ಹದ್ದುಗಳು ಮೆಲ್ಲಮೆಲ್ಲನೆ ಚೇತರಿಸಿಕೊಂಡವು. ೨೦೦೭ರಲ್ಲಿ ಅಳಿವಿನ ಅಂಚಿನ ಪಟ್ಟಿಯಿಂದ ಅವುಗಳ ಹೆಸರನ್ನು ತೆಗೆದರು. ೨೦೨೧ರಲ್ಲಿ ಪ್ರಕಟವಾದ ಸರಕಾರದ ವರದಿಯ ಪ್ರಕಾರ ಅದೇ ಪ್ರದೇಶದಲ್ಲಿ ೭೧ ಸಾವಿರಕ್ಕೂ ಮಿಕ್ಕ ಜೋಡಿಗಳು, ಒಟ್ಟು ೩ ಲಕ್ಷದ ೧೬ ಸಾವಿರದಷ್ಟು ಹಕ್ಕಿಗಳು ಇದ್ದವು. ೨೦೨೪ರ ಡಿಸೆಂಬರಿನಲ್ಲಿ ಅದನ್ನು ಶಾಸನಪೂರ್ವಕವಾಗಿ ರಾಷ್ಟ್ರಪಕ್ಷಿಯೆಂದು ಸಾರಲಾಯಿತು.

ಜಾತಿ ಉಳಿಯಿತು, ಸಂತೋಷವೇ ಸರಿ. ಆದರೆ ಜಾತಿಯ ಲೆಕ್ಕ ಬೇರೆ, ಒಂಟಿ ಜೀವದ ಲೆಕ್ಕ ಬೇರೆ. ಲಕ್ಷಗಟ್ಟಲೆ ಹದ್ದುಗಳು ಆಕಾಶದಲ್ಲಿರುವಾಗ ರಸ್ತೆಯ ಬದಿಯಲ್ಲಿ ರೆಕ್ಕೆ ಮುರಿದುಕೊಂಡು ಬಿದ್ದ ಒಂದು ಹದ್ದಿನ ಗತಿಯೇನು?

*

ಇಂಥ ಹಕ್ಕಿಗಳಿಗೆಂದೇ ಆ ದೇಶದಲ್ಲಿ ಶುಶ್ರೂಷಾಲಯಗಳುಂಟು. ಮಿನಸೋಟ ವಿಶ್ವವಿದ್ಯಾನಿಲಯದಲ್ಲಿ ೧೯೭೪ರಲ್ಲಿ ಆರಂಭವಾದ ‘ರ‍್ಯಾಪ್ಟರ್ ಸೆಂಟರ್’ ಅವುಗಳಲ್ಲಿ ಹೆಸರಾದದ್ದು. ಹದ್ದು, ಗಿಡುಗ, ಗೂಬೆ ಮೊದಲಾದ ಬೇಟೆಹಕ್ಕಿಗಳಿಗೆ ಮಾತ್ರ ಮೀಸಲು. ವರ್ಷಕ್ಕೆ ಸಾವಿರದಷ್ಟು ಹಕ್ಕಿಗಳು ಅಲ್ಲಿಗೆ ಬರುತ್ತವೆ. ಬರುವ ಕಾರಣಗಳನ್ನು ನೋಡಿದರೆ ಮನುಷ್ಯನಾದವನು ತಲೆ ತಗ್ಗಿಸಬೇಕು. ರಸ್ತೆಯಲ್ಲಿ ಸತ್ತ ಜಿಂಕೆಯನ್ನು ತಿನ್ನಲು ಇಳಿದು ಮೋಟಾರಿಗೆ ಸಿಕ್ಕಿದ್ದು ಒಂದಾದರೆ, ವಿದ್ಯುತ್ತಿನ ತಂತಿಗೆ ರೆಕ್ಕೆ ತಾಗಿ ಬೆಂದದ್ದು ಇನ್ನೊಂದು. ಗುಂಡೇಟು ತಿಂದದ್ದು ಮತ್ತೊಂದು. ಎಲ್ಲಕ್ಕಿಂತ ಗುಪ್ತವಾದದ್ದು ಸೀಸದ ವಿಷ. ಬೇಟೆಗಾರನ ಸೀಸದ ಗುಂಡು ಜಿಂಕೆಯ ಮೈಯೊಳಗೆ ನುಚ್ಚಾಗಿ ಒಡೆಯುತ್ತದೆ. ಅವನು ಮಾಂಸವನ್ನು ಒಯ್ದು ಕರುಳನ್ನು ಕಾಡಿನಲ್ಲೇ ಬಿಡುತ್ತಾನೆ. ಅದನ್ನು ತಿಂದ ಹದ್ದು ಸೀಸವನ್ನೂ ತಿನ್ನುತ್ತದೆ. ಸಣ್ಣದೊಂದು ಚೂರು ಸಾಕು. ನರಗಳು ಸೋತು, ಕಾಲು ಮಡಿಚಿ, ತಲೆ ಎತ್ತಲಾರದೆ ಹಕ್ಕಿ ಕುಸಿಯುತ್ತದೆ. ೩೮ ಸಂಸ್ಥಾನಗಳ ೧,೨೧೦ ಹದ್ದುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರ ಮೂಳೆಯಲ್ಲಿ ಸೀಸದ ವಿಷ ಬಹುಕಾಲದಿಂದ ಸಂಚಯವಾಗಿತ್ತೆಂದು ೨೦೨೨ರಲ್ಲಿ ಪ್ರಕಟಿಸಿದರು.

ಶುಶ್ರೂಷಾಲಯಕ್ಕೆ ಬಂದ ಹಕ್ಕಿಗೆ ಮೂರೇ ಹಾದಿ. ವಾಸಿಯಾದರೆ ಬಿಡುಗಡೆ. ವಾಸಿಯಾಗದೆ ನರಳುವಂತಿದ್ದರೆ ನೋವಿಲ್ಲದ ಮರಣ. ಇವೆರಡರ ನಡುವಿನ ಇಕ್ಕಟ್ಟಾದ ದಾರಿಯೇ ಆಶ್ರಯಧಾಮದಲ್ಲಿ ಖಾಯಂ ವಾಸ. ಈ ವಿಷಯದಲ್ಲಿ ಅಲ್ಲಿನ ಕೇಂದ್ರ ಸರಕಾರದ ಕಟ್ಟಳೆ ನಿಷ್ಠುರವಾಗಿದೆ. ಪ್ರತ್ಯೇಕ ಅನುಮತಿಯಿಲ್ಲದೆ ೧೮೦ ದಿನಗಳಿಗಿಂತ ಹೆಚ್ಚಾಗಿ ಯಾವ ಹಕ್ಕಿಯನ್ನೂ ಶುಶ್ರೂಷೆಯ ನೆಪದಲ್ಲಿ ಇಟ್ಟುಕೊಳ್ಳಲಾಗದು. ಎರಡು ಕಣ್ಣೂ ಕುರುಡಾದ ಹಕ್ಕಿಯನ್ನು, ಕಾಲು ಅಥವಾ ಪಾದವನ್ನು ಕತ್ತರಿಸಲೇಬೇಕಾದ ಹಕ್ಕಿಯನ್ನು, ರೆಕ್ಕೆಯನ್ನು ಮೊಣಕೈ ಕೀಲಿನಲ್ಲಾಗಲಿ ಅದರ ಮೇಲಾಗಲಿ ತೆಗೆಯಬೇಕಾದ ಹಕ್ಕಿಯನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುವಂತಿಲ್ಲ. ಮೊದಲು ಓದಿದಾಗ ಇದು ಕ್ರೂರವೆಂದು ನನಗೆ ತೋರಿತು. ಯೋಚಿಸಿದ ಮೇಲೆ, ಇದರ ಹಿಂದೆ ಒಂದು ವಿವೇಕವಿದೆಯೆಂದು ಕಂಡಿತು. ಬದುಕಿಸುವ ನಮ್ಮ ಹಂಬಲವೇ ಹಕ್ಕಿಗೆ ಶಿಕ್ಷೆಯಾಗಬಾರದು. ತಾನಾಗಿ ತಿನ್ನಲು, ಕೊಂಬೆಯ ಮೇಲೆ ನೆಟ್ಟಗೆ ನಿಲ್ಲಲು, ಮೈಗೆ ಮತ್ತೆ ಗಾಯ ಮಾಡಿಕೊಳ್ಳದೆ ನಡೆಯಲು ಅದಕ್ಕೆ ಸಾಧ್ಯವಿರಬೇಕು. ಕರುಣೆಗೂ ಒಂದು ಎಲ್ಲೆಯುಂಟು; ಆ ಎಲ್ಲೆಯನ್ನು ಕರುಣೆ ತನಗಾಗಿ ಅಲ್ಲ, ಕರುಣೆಗೆ ಪಾತ್ರವಾದ ಜೀವಕ್ಕಾಗಿ ಎಳೆದುಕೊಳ್ಳಬೇಕು.

ಈ ಎಲ್ಲೆಯ ಒಳಗೆ ಉಳಿದವೇ ನಾನು ಹೇಳಹೊರಟ ಖಾಯಂ ನಿವಾಸಿಗಳು.

*

ಮಿನಸೋಟದಲ್ಲಿ ಮಿಸಿಸಿಪಿ ನದಿಯ ದಡದ ಮೇಲೆ ವಬಾಷಾ ಎಂಬ ಸಣ್ಣ ಪಟ್ಟಣವಿದೆ. ಚಳಿಗಾಲದಲ್ಲಿ ಸುತ್ತಲ ನೀರೆಲ್ಲ ಹೆಪ್ಪುಗಟ್ಟಿದರೂ ಚಿಪ್ಪೆವ ನದಿ ಬಂದು ಸೇರುವ ಆ ಎಡೆಯಲ್ಲಿ ನೀರು ಹೆಪ್ಪುಗಟ್ಟದೆ ಹರಿಯುತ್ತಿರುತ್ತದೆ. ಮೀನಿಗಾಗಿ ಹದ್ದುಗಳು ನೆರೆಯುತ್ತವೆ. ಅವನ್ನು ನೋಡಲು ಬಂದವರಿಗೆ ನೆರವಾಗುತ್ತಿದ್ದ ಊರಿನ ಕೆಲವು ಸ್ವಯಂಸೇವಕರ ಕೆಲಸವೇ ಬೆಳೆದು ‘ನ್ಯಾಷನಲ್ ಈಗಲ್ ಸೆಂಟರ್’ ಎಂಬ ಸಂಸ್ಥೆಯಾಯಿತು. ನದಿಯ ದಡದಲ್ಲಿರುವ ಅದರ ಈಗಿನ ಕಟ್ಟಡ ೨೦೦೭ರದು. ದೊಡ್ಡ ಗಾಜಿನ ಕಿಟಕಿಗಳ ಆಚೆಗೆ ಹಾರುವ ಹದ್ದುಗಳು. ಈಚೆಗೆ ಹಾರಲಾರದ ಹದ್ದುಗಳು.

ಈಚೆಗಿನವುಗಳಲ್ಲಿ ಬಹುಕಾಲ ಹಿರಿಯಳಾಗಿದ್ದವಳು ಹ್ಯಾರಿಯೆಟ್. ಮೋಟಾರಿಗೆ ಸಿಕ್ಕಿ ರೆಕ್ಕೆ ಕೆಟ್ಟ ಆಕೆ ೩೫ ವರ್ಷದವಳಾಗಿ ೨೦೧೬ರಲ್ಲಿ ತೀರಿಕೊಂಡಳು. ಅಲ್ಲಿಯೇ ಇದ್ದ ಇನ್ನೊಂದು ಹದ್ದಿಗೆ ಕಣ್ಣಿನಲ್ಲಿ ಗಡ್ಡೆ ಬೆಳೆದು ಒಂದು ಕಣ್ಣು ಹೋಗಿತ್ತು. ಅದಕ್ಕೆ ಆ ನೆಲದ ಮೂಲನಿವಾಸಿಗಳಾದ ಡಕೋಟ ಜನರ ಭಾಷೆಯಲ್ಲಿ ‘ಬಲಶಾಲಿ’ ಎಂಬರ್ಥದ ವಸಾಕ ಎಂಬ ಹೆಸರನ್ನಿಟ್ಟರು. ತೊಗಲಿನ ಗವಸು ತೊಟ್ಟ ಪಾಲಕನ ಮುಂಗೈಯ ಮೇಲೆ ಇಂಥ ಹಕ್ಕಿಯೊಂದು ಬಂದು ಕುಳಿತಾಗ, ಶಾಲೆಯ ಮಕ್ಕಳು ಅದನ್ನು ಮಾರುದೂರದಿಂದ ನೋಡುತ್ತಾರೆ. ಆಕಾಶದಲ್ಲಿ ಚುಕ್ಕೆಯಾಗಿ ಕಂಡದ್ದಕ್ಕೆ ಇಲ್ಲಿ ಕಣ್ಣುಂಟು, ಉಗುರುಂಟು, ಕೋಪವುಂಟು. ರಸ್ತೆಯಲ್ಲಿ ಸತ್ತ ಜಿಂಕೆಯನ್ನು ಬದಿಗೆ ಎಳೆದುಹಾಕಬೇಕು, ಸೀಸದ ಗುಂಡನ್ನು ಬಿಟ್ಟು ತಾಮ್ರದ ಗುಂಡನ್ನು ಬಳಸಬೇಕು ಎಂಬ ಬುದ್ಧಿಮಾತಿಗೆ ಇದಕ್ಕಿಂತ ಪ್ರಬಲವಾದ ಸಾಕ್ಷಿ ಬೇರೊಂದಿಲ್ಲ.

ಐಡಹೊ ಸಂಸ್ಥಾನದಲ್ಲಿ ಬ್ಯೂಟಿ ಎಂಬ ಹೆಣ್ಣು ಹದ್ದಿನ ಕಥೆಯೂ ನಡೆಯಿತು. ೨೦೦೫ರಲ್ಲಿ ಅಲಾಸ್ಕದಲ್ಲಿ ಅದು ಸಿಕ್ಕಾಗ ಯಾರೋ ಹಾರಿಸಿದ ಗುಂಡಿನಿಂದ ಮೇಲಿನ ಕೊಕ್ಕು ಪೂರ್ತಿ ಹೋಗಿತ್ತು. ಕೊಕ್ಕಿಲ್ಲದ ಹದ್ದು ಮೀನನ್ನು ಸೀಳಲಾರದು, ನೀರು ಕುಡಿಯಲಾರದು, ಗರಿ ನೇವರಿಸಿಕೊಳ್ಳಲಾರದು. ಜೇನ್ ಫಿಂಕ್ ಕ್ಯಾಂಟ್‌ವೆಲ್ ಎಂಬ ಪಕ್ಷಿಪಾಲಕಿ ಅದನ್ನು ತನ್ನ ಆಶ್ರಯಧಾಮಕ್ಕೆ ತಂದು ಕೈಯಾರೆ ಉಣಿಸಿ ಸಾಕಿದಳು. ನೇಟ್ ಕ್ಯಾಲ್ವಿನ್ ಎಂಬ ಎಂಜಿನಿಯರ್ ಮುಂದೆ ಬಂದು, ಗಣಕಯಂತ್ರದ ನೆರವಿನಿಂದ ಅಳತೆ ತೆಗೆದು, ಕೃತಕ ಕೊಕ್ಕೊಂದನ್ನು ಮಾಡಿ ೨೦೦೮ರಲ್ಲಿ ತೊಡಿಸಿದ. ಅದನ್ನು ತೊಟ್ಟ ಬ್ಯೂಟಿ ತಾನಾಗಿ ನೀರು ಕುಡಿಯಿತು. ಕಾಡಿಗೆ ಮರಳುವ ಯೋಗ ಮಾತ್ರ ಅದಕ್ಕೆ ಇರಲಿಲ್ಲ.

ಸೆರೆಯ ಹದ್ದೆಂಬುದು ಅಮೆರಿಕಕ್ಕೆ ಹೊಸದಲ್ಲ. ಆದರೆ ಹಳೆಯ ಬಗೆ ಬೇರೆಯಾಗಿತ್ತು. ೧೮೬೧ರಲ್ಲಿ ವಿಸ್ಕಾನ್ಸಿನ್ನಿನ ಸೈನಿಕರ ತಂಡವೊಂದು ಹದ್ದಿನ ಮರಿಯೊಂದನ್ನು ಪಡೆದು, ಅಬ್ರಹಾಂ ಲಿಂಕನ್ನನ ನೆನಪಿಗೆ ‘ಓಲ್ಡ್ ಏಬ್’ ಎಂದು ಹೆಸರಿಟ್ಟು, ಅಂತರ್ಯುದ್ಧದ ರಣರಂಗಕ್ಕೆ ಒಯ್ದಿತು. ಯುದ್ಧ ಮುಗಿದ ಮೇಲೆ ಅದು ಮ್ಯಾಡಿಸನ್ ನಗರದ ಶಾಸನಭವನದಲ್ಲಿ ವಾಸವಾಗಿತ್ತು. ೧೮೮೧ರಲ್ಲಿ ಅಲ್ಲಿ ಬಿದ್ದ ಬೆಂಕಿಯ ಹೊಗೆಯಿಂದ ಸೊರಗಿ ಸತ್ತಿತು. ಅದರ ಮೈಯನ್ನು ತುಂಬಿ ನಿಲ್ಲಿಸಿದರು. ೧೯೦೪ರ ಬೆಂಕಿಯಲ್ಲಿ ಅದೂ ಹೋಯಿತು. ಆ ಹಕ್ಕಿಗೆ ಮರ್ಯಾದೆ ಇದ್ದಿತು, ಕೀರ್ತಿ ಇದ್ದಿತು. ಆದರೆ ಅದು ಮನುಷ್ಯರ ಧ್ವಜವಾಗಿ ಬದುಕಿತೇ ಹೊರತು ಹಕ್ಕಿಯಾಗಿ ಅಲ್ಲ. ಹಾರಬಲ್ಲ ಹಕ್ಕಿಯನ್ನು ಕಟ್ಟಿಹಾಕುವುದಕ್ಕೂ ಹಾರಲಾರದ್ದಕ್ಕೆ ಕಂಬಿಯೊಳಗೆ ನೆಲೆ ಕೊಡುವುದಕ್ಕೂ ನಡುವಿನ ಅಂತರವನ್ನು ತಿಳಿಯಲು ಆ ದೇಶಕ್ಕೆ ಒಂದು ಶತಮಾನ ಹಿಡಿಯಿತು.

ನ್ಯೂ ಮೆಕ್ಸಿಕೋದ ಝೂನಿ ಎಂಬ ಮೂಲನಿವಾಸಿಗಳು ಈ ನೆಲೆಗೆ ಮತ್ತೊಂದು ಅರ್ಥ ಕೊಟ್ಟರು. ಅವರ ಪೂಜೆ ಪ್ರಾರ್ಥನೆಗಳಿಗೆ ಹದ್ದಿನ ಗರಿ ಬೇಕೇ ಬೇಕು. ಆದರೆ ಹದ್ದನ್ನು ಕೊಲ್ಲುವುದಿರಲಿ, ಉದುರಿದ ಗರಿಯೊಂದನ್ನು ಅಪ್ಪಣೆಯಿಲ್ಲದೆ ಇಟ್ಟುಕೊಳ್ಳುವುದೂ ಆ ದೇಶದಲ್ಲಿ ಅಪರಾಧ. ಸತ್ತ ಹದ್ದುಗಳನ್ನೆಲ್ಲ ಸರಕಾರ ಕೊಲರಾಡೊದ ಒಂದು ಭಂಡಾರಕ್ಕೆ ತರಿಸಿ, ಅಲ್ಲಿಂದ ಮೂಲನಿವಾಸಿಗಳಿಗೆ ಹಂಚುತ್ತದೆ. ಬೇಡಿಕೆ ಸಲ್ಲಿಸಿದವರು ಬಹುಕಾಲ ಕಾಯಬೇಕು. ಝೂನಿಗಳು ೧೯೯೯ರಲ್ಲಿ ತಮ್ಮದೇ ಒಂದು ಹದ್ದಿನ ಆಶ್ರಯಧಾಮವನ್ನು ಕಟ್ಟಿ, ಹಾರಲಾರದ ಹದ್ದುಗಳನ್ನು ತಂದು ಸಾಕತೊಡಗಿದರು. ಅವು ಕಾಲಕಾಲಕ್ಕೆ ಉದುರಿಸುವ ಗರಿಗಳೇ ಪೂಜೆಗೆ ಸಲ್ಲುತ್ತವೆ. ಆಕಾಶಕ್ಕೇರಲಾರದ ಹಕ್ಕಿಯ ಗರಿ ಹೀಗೆ ಪ್ರಾರ್ಥನೆಯ ಜೊತೆಗೆ ಮೇಲೇರುತ್ತದೆ.

ಇಷ್ಟೆಲ್ಲ ಆದರೂ ಆಕ್ಷೇಪವೊಂದು ಉಳಿಯುತ್ತದೆ. ಸಾಕ್ಷಿಯಾಗುವುದು, ಪಾಠವಾಗುವುದು, ಗರಿ ಕೊಡುವುದು, ಇವೆಲ್ಲ ಮನುಷ್ಯನಿಗಾದ ಪ್ರಯೋಜನ. ಹದ್ದಿಗೆ ಹದ್ದಿನ ಬದುಕಿನಲ್ಲಿ ಉಳಿದದ್ದೇನು? ನನ್ನ ವಿದ್ಯಾರ್ಥಿಯ ಪ್ರಶ್ನೆಯ ಮೊನೆ ಇದೇ. ಇದಕ್ಕೆ ಉತ್ತರ ಕೊಟ್ಟದ್ದು ಮನುಷ್ಯರಲ್ಲ. ಮರ್ಫಿ ಎಂಬ ಹದ್ದು.

*

ಮಿಸೌರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರಕ್ಕೆ ಸಮೀಪದ ವ್ಯಾಲಿ ಪಾರ್ಕ್ ಎಂಬಲ್ಲಿ ‘ವರ್ಲ್ಡ್ ಬರ್ಡ್ ಸ್ಯಾಂಕ್ಚುಅರಿ’ ಎಂಬ ಪಕ್ಷಿಧಾಮವಿದೆ. ೧೯೭೭ರಲ್ಲಿ ವಾಲ್ಟರ್ ಕ್ರಾಫರ್ಡ್ ಎಂಬಾತ ಸ್ಥಾಪಿಸಿದ್ದು. ಅಲ್ಲಿನ ಖಾಯಂ ನಿವಾಸಿಗಳಲ್ಲಿ ಮರ್ಫಿ ಒಂದು ಗಂಡು ಹದ್ದು. ಎಳೆತನದಲ್ಲಿಯೇ ಕಾಲು ಮುರಿದು, ಆಮೇಲೆ ರೆಕ್ಕೆಗೂ ಪೆಟ್ಟಾಗಿ, ಹಾರಾಟವೆಂಬುದು ಅದರ ಪಾಲಿಗೆ ಮುಗಿದಿತ್ತು. ೨೦೨೩ರ ವಸಂತದಲ್ಲಿ ಅದಕ್ಕೆ ೩೧ ವರ್ಷ. ಅಷ್ಟು ವರ್ಷಗಳಲ್ಲಿ ಅದು ಒಂದು ಮರಿಯನ್ನೂ ಸಾಕಿದ್ದಿಲ್ಲ.

ಆ ವರ್ಷ ಮಾರ್ಚಿಯಲ್ಲಿ ಪಾಲಕರು ಒಂದು ವಿಚಿತ್ರವನ್ನು ಕಂಡರು. ಮರ್ಫಿ ನೆಲದಲ್ಲಿ ತಗ್ಗೊಂದನ್ನು ಮಾಡಿ, ಕಡ್ಡಿ ಎಲೆಗಳನ್ನು ಸುತ್ತಲೂ ಜೋಡಿಸಿ, ನಡುವೆ ಒಂದು ಕಲ್ಲನ್ನಿಟ್ಟುಕೊಂಡು ಅದರ ಮೇಲೆ ಕುಳಿತಿತ್ತು. ಸಾಮಾನ್ಯವಾದ ಕಲ್ಲು, ಮೊಟ್ಟೆಯಷ್ಟು ಗಾತ್ರ. ಈ ಜಾತಿಯಲ್ಲಿ ಗಂಡೂ ಹೆಣ್ಣೂ ಸರದಿಯಂತೆ ಸುಮಾರು ೩೫ ದಿನ ಕಾವು ಕೊಡುತ್ತವೆ. ಋತು ಬಂದಾಗ ಮೈಯೊಳಗಿನ ರಸಗಳು ಗಂಡಿನಲ್ಲಿಯೂ ಆ ಹಂಬಲವನ್ನು ಎಬ್ಬಿಸುತ್ತವೆ. ಹಂಬಲ ಬಂದಿತು, ಮೊಟ್ಟೆ ಇರಲಿಲ್ಲ. ಮರ್ಫಿ ಕಲ್ಲಿಗೇ ಕಾವು ಕೊಟ್ಟಿತು. ಎಚ್ಚರದಿಂದ ಅದನ್ನು ಹೊರಳಿಸುತ್ತಿತ್ತು. ಜೊತೆಯ ಹದ್ದುಗಳು ಹತ್ತಿರ ಬಂದರೆ ಕಿರಿಚಿ ಮೇಲೆ ಬೀಳುತ್ತಿತ್ತು. ಮೂಲೆಯಲ್ಲಿ ಮಲಗಿದ ಹದ್ದಿಗೆ ಕಾಯಿಲೆಯೆಂದು ನೋಡಬಂದವರು ಗಾಬರಿಗೊಳ್ಳಲು, ಅದಕ್ಕೆ ಏನೂ ಆಗಿಲ್ಲ, ಕಲ್ಲಿಗೆ ಕಾವು ಕೊಡುತ್ತಿದೆ ಎಂದು ಪಾಲಕರು ಒಂದು ಫಲಕವನ್ನೇ ಬರೆದು ಹಾಕಬೇಕಾಯಿತು. ಲೋಕವೆಲ್ಲ ಆ ಚಿತ್ರವನ್ನು ನೋಡಿ ನಕ್ಕಿತು. ನಗುವಿನ ಹಿಂದೆಯೇ ಎಲ್ಲರ ಎದೆಯಲ್ಲಿಯೂ ಏನೋ ಚುಳುಕ್ಕೆಂದಿರಬೇಕು. ಒಡೆಯದ ಕಲ್ಲಿನ ಮೇಲೆ ಕುಳಿತು ಮರಿಗಾಗಿ ಕಾಯುವುದು ಹದ್ದೊಂದರ ಹಣೆಬರಹ ಮಾತ್ರವೆ?

ಏಪ್ರಿಲ್ ಆರಂಭದಲ್ಲಿ ಬಿರುಗಾಳಿಗೆ ಸಿಕ್ಕಿ ಮರದಿಂದ ಬಿದ್ದ ಗೂಡಿನ ಮರಿಯೊಂದನ್ನು ಪಕ್ಷಿಧಾಮಕ್ಕೆ ತಂದರು. ಜೊತೆಯ ಮರಿ ಸತ್ತಿತ್ತು. ಇದು ಹೇಗೋ ಉಳಿದಿತ್ತು. ಇಂಥ ಮರಿಯನ್ನು ಬದುಕಿಸುವುದು ಕಷ್ಟವಲ್ಲ. ಹದ್ದಾಗಿ ಬದುಕಿಸುವುದು ಕಷ್ಟ. ಕಣ್ತೆರೆದ ಎಳೆಯ ದಿನಗಳಲ್ಲಿ ತನಗೆ ಉಣಿಸಿದವರನ್ನೇ ಮರಿ ತನ್ನ ಕುಲವೆಂದು ಬಗೆಯುತ್ತದೆ. ಮನುಷ್ಯನ ಕೈಯುಂಡ ಹದ್ದು ಮನುಷ್ಯರ ಬಳಿಗೇ ಬರುತ್ತದೆ, ಹದ್ದುಗಳ ಜೊತೆ ಸಂಸಾರ ಹೂಡಲಾರದು. ಟೆನೆಸಿಯ ಆಶ್ರಯಧಾಮವೊಂದರಲ್ಲಿದ್ದ ಚಾಲೆಂಜರ್ ಎಂಬ ಹದ್ದಿಗೆ ಆದದ್ದು ಇದೇ. ೧೯೮೯ರಲ್ಲಿ ಗೂಡಿನಿಂದ ಬಿದ್ದ ಅದನ್ನು ಎತ್ತಿದವರು ಪ್ರೀತಿಯಿಂದಲೇ ಉಣಿಸಿದರು. ಆ ಪ್ರೀತಿಯಿಂದಲೇ ಅದು ಕಾಡಿಗೆ ಹೊರತಾಯಿತು. ರೆಕ್ಕೆಗಳು ಸೊಗಸಾಗಿದ್ದವು, ಕ್ರೀಡಾಂಗಣಗಳಲ್ಲಿ ರಾಷ್ಟ್ರಗೀತೆಯ ವೇಳೆಗೆ ಹಾರಿ ಜನರನ್ನು ಬೆರಗುಗೊಳಿಸಿತು. ಆದರೂ ಕಾಡಿನಲ್ಲಿ ಬದುಕಲಾರದ್ದೆಂದು ಅದನ್ನು ಖಾಯಂ ನಿವಾಸಿಯಾಗಿಯೇ ಉಳಿಸಿಕೊಳ್ಳಬೇಕಾಯಿತು. ರೆಕ್ಕೆಯಿದ್ದೂ ಹೊರತಾದದ್ದು ಚಾಲೆಂಜರ್. ರೆಕ್ಕೆಯಿಲ್ಲದೆ ಹೊರತಾದದ್ದು ಮರ್ಫಿ.

ಪಾಲಕರು ಅಳುಕಿನಿಂದಲೇ ಒಂದು ಪ್ರಯೋಗಕ್ಕೆ ಕೈಹಾಕಿದರು. ಮರ್ಫಿಯನ್ನು ಬೇರೊಂದು ಆವರಣಕ್ಕೆ ಒಯ್ದು, ಕಲ್ಲನ್ನು ತೆಗೆದು, ಚಿಕ್ಕ ಪಂಜರದಲ್ಲಿ ಮರಿಯನ್ನು ಅದರ ಹತ್ತಿರ ಇಟ್ಟರು. ಹಸಿದ ಹದ್ದು ಅನ್ಯರ ಮರಿಯನ್ನು ಕೊಂದರೂ ಆಶ್ಚರ್ಯವಿರಲಿಲ್ಲ. ಕೆಲವು ದಿನ ನೋಡಿ, ಕೆಡುಕಿನ ಸುಳಿವಿಲ್ಲವೆಂದು ಕಂಡ ಮೇಲೆ ಪಂಜರದ ಬಾಗಿಲು ತೆರೆದರು. ಮರ್ಫಿಗೆಂದು ಇಡಿಯ ಮೀನೊಂದನ್ನೂ, ಮರಿಗೆಂದು ತುಂಡು ಮಾಡಿದ ಆಹಾರವನ್ನೂ ಬೇರೆ ಬೇರೆಯಾಗಿ ಇಟ್ಟು ದೂರ ಸರಿದರು. ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದರೆ, ಮರಿಯ ತಟ್ಟೆಯಲ್ಲಿ ಇಟ್ಟದ್ದು ಇಟ್ಟ ಹಾಗೆಯೇ ಇದೆ. ಮರ್ಫಿಯ ಮೀನು ಇಲ್ಲ. ಮರಿಯ ಕೊರಳ ಚೀಲ ತುಂಬಿ ಉಬ್ಬಿದೆ. ಮೂವತ್ತೊಂದು ವರ್ಷ ಯಾರೂ ಕಲಿಸದಿದ್ದ ವಿದ್ಯೆಯಿಂದ, ಮರ್ಫಿ ತನ್ನ ಮೀನನ್ನು ಎಳೆಎಳೆಯಾಗಿ ಸೀಳಿ ಮರಿಗೆ ಉಣಿಸಿತ್ತು.

ಮರಿ ಅದರ ನೆರಳಿನಲ್ಲಿ ಬೆಳೆಯಿತು. ಹೇಗೆ ಕೂಗಬೇಕು, ಮೀನನ್ನು ಹೇಗೆ ಅದುಮಿ ಹಿಡಿದು ಹರಿಯಬೇಕು, ಮನುಷ್ಯನನ್ನು ಕಂಡರೆ ಹೇಗೆ ಅಂಜಬೇಕು ಎಂಬುದನ್ನು ಹದ್ದಿನಿಂದಲೇ ಕಲಿಯಿತು. ಹಾರುವುದನ್ನು ಮರ್ಫಿ ತೋರಿಸಿಕೊಡಲಾರದಾಗಿತ್ತು. ಆದರೆ ಹಾರುವುದು ಹಕ್ಕಿಯ ಹುಟ್ಟುಗುಣ. ರೆಕ್ಕೆ ಬಲಿತ ಮೇಲೆ ದೊಡ್ಡ ಆವರಣದಲ್ಲಿ ಅದು ತಾನೇ ಹಾರಿ ಪಳಗಿತು. ಆ ಬೇಸಗೆಯಲ್ಲಿ ಅದನ್ನು ಬಯಲಿಗೆ ಬಿಟ್ಟರು. ಮರುವರ್ಷ ಮತ್ತೊಂದು ಮರಿಯನ್ನೂ ಮರ್ಫಿ ಸಾಕಿತು. ಪಕ್ಷಿಧಾಮದಲ್ಲಿ ವಿದ್ವಾಂಸರಿದ್ದರು, ವೈದ್ಯರಿದ್ದರು, ಔಷಧವಿತ್ತು. ಹದ್ದಿನ ಮರಿಗೆ ಹದ್ದುತನವನ್ನು ಕೊಡುವ ಶಕ್ತಿ ಮಾತ್ರ ಅವರಲ್ಲಿ ಯಾರಿಗೂ ಇರಲಿಲ್ಲ. ಅದು ಇದ್ದದ್ದು ಮೂಲೆಯಲ್ಲಿ ಕಲ್ಲಿನ ಮೇಲೆ ಕುಳಿತಿದ್ದ ಹೆಳವ ಹಕ್ಕಿಯಲ್ಲಿ.

೨೦೨೫ರ ಮಾರ್ಚಿಯಲ್ಲಿ ಮಿಸೌರಿಯ ಮೇಲೆ ಉಗ್ರವಾದ ಸುಂಟರಗಾಳಿಗಳು ಬೀಸಿದವು. ಬೆಳಗಾದಾಗ ಮರ್ಫಿ ಸತ್ತುಬಿದ್ದಿತ್ತು. ತಲೆಗೆ ಪೆಟ್ಟು ತಗುಲಿತ್ತೆಂದು ವೈದ್ಯರು ಕಂಡರು. ಗಾಳಿಯೇ ಎತ್ತಿ ಒಗೆಯಿತೋ, ಬೆದರಿ ತಾನೇ ಎರಗಿತೋ ಹೇಳಲು ಬರುವಂತಿರಲಿಲ್ಲ. ಅದೇ ಆವರಣದ ಉಳಿದ ಮೂರು ಹಕ್ಕಿಗಳಿಗೆ ಏನೂ ಆಗಿರಲಿಲ್ಲ. ಮರ್ಫಿಗೆ ಆಗ ೩೩ ವರ್ಷ. ಕಾಡಿನ ಹದ್ದುಗಳು ಸಾಮಾನ್ಯವಾಗಿ ಮುಟ್ಟದ ವಯಸ್ಸು. ಮೊದಲ ಮರಿಯನ್ನು ಅದರ ಮಡಿಲಿಗೆ ತಂದದ್ದು ಒಂದು ಬಿರುಗಾಳಿ, ಅದನ್ನು ಒಯ್ದದ್ದು ಇನ್ನೊಂದು.

*

ಈಗ ಸಂಪಾತಿಗೆ ಮರಳೋಣ. ಸೀತೆಯನ್ನು ಹುಡುಕಿ ಸೋತ ಕಪಿಗಳು ಕಡಲ ತೀರದಲ್ಲಿ ಪ್ರಾಯೋಪವೇಶಕ್ಕೆ ಕುಳಿತಿದ್ದಾರೆ. ಅಂಗದನ ಬಾಯಲ್ಲಿ ಜಟಾಯುವಿನ ಹೆಸರನ್ನು ಕೇಳಿ, ಅವರನ್ನು ತಿನ್ನಲೆಂದೇ ಹೊರಟಿದ್ದ ಮುದಿ ಹದ್ದು ತಮ್ಮನಿಗಾಗಿ ಮರುಗುತ್ತದೆ. ಆಮೇಲೆ ಕಡಲಿನತ್ತ ನೋಡಿ, ಸೀತೆ ಲಂಕೆಯಲ್ಲಿದ್ದಾಳೆ ಎಂದು ಹೇಳುತ್ತದೆ. ಬಾನಿಗೆ ನೆಗೆಯಬಲ್ಲ ಹನುಮಂತನಿದ್ದ, ಜಾಂಬವಂತನಿದ್ದ. ನೂರು ಯೋಜನ ದೂರವನ್ನು ಕಾಣುವ ಕಣ್ಣು ಅವರಿಗೆ ಇ­ರಲಿಲ್ಲ. ಕಣ್ಣಿದ್ದದ್ದು ರೆಕ್ಕೆ ಸುಟ್ಟವನಿಗೆ. ಸಂಪಾತಿ ತಮ್ಮನೊಡನೆಯೇ ಸತ್ತಿದ್ದರೆ ರಾಮಾಯಣ ಆ ಕಡಲ ತೀರದಲ್ಲಿಯೇ ನಿಲ್ಲುತ್ತಿತ್ತು. ಹುಡುಗನಿಗೆ ಅಂದೇ ಇಷ್ಟನ್ನು ಹೇಳಬಹುದಾಗಿತ್ತು. ಹೇಳಲಿಲ್ಲ, ಏಕೆಂದರೆ ಅವನು ಕೇಳಿದ್ದನ್ನು ಹಿಂದೆ ನಾನೂ ಮನಸ್ಸಿನಲ್ಲಿ ಕೇಳಿಕೊಂಡವನು.

ನಮ್ಮ ತಂದೆ ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಪಾರ್ಶ್ವವಾಯು ಬಡಿದು, ಬಲಭಾಗ ಬಿದ್ದುಹೋಗಿ, ಮಾತೂ ನಿಂತು, ಆರು ವರ್ಷ ಜಗುಲಿಯ ಮಂಚದ ಮೇಲೆ ಮಲಗಿದ್ದರು. ನಾನು ಆಗ ಎಂ.ಎ. ತರಗತಿಯಲ್ಲಿದ್ದೆ. ತಾಯಿಯ ದಣಿದ ಮುಖವನ್ನು ನೋಡಿದಾಗ, ಇವರು ಇನ್ನೂ ಏಕೆ ಇದ್ದಾರೆ ಎಂಬ ಯೋಚನೆ ನನ್ನಲ್ಲಿ ಹಾದುಹೋದದ್ದುಂಟು. ರಜೆಯಲ್ಲಿ ಪಡಸಾಲೆಯಲ್ಲಿ ಕುಳಿತು ಹಳಗನ್ನಡ ಪದ್ಯಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಒಂದು ದಿನ ಜಗುಲಿಯಿಂದ ಟಕ್ ಎಂದು ಸದ್ದಾಯಿತು. ಮತ್ತೆ ಓದಿದೆ, ಅದೇ ಎಡೆಯಲ್ಲಿ ಮತ್ತೆ ಸದ್ದು. ಎದ್ದುಹೋಗಿ ನೋಡಿದರೆ, ತಂದೆ ಎಡಗೈಯ ಗೆಣ್ಣಿನಿಂದ ಮಂಚದ ಪಟ್ಟಿಯನ್ನು ತಟ್ಟುತ್ತಿದ್ದರು. ಒಳಗೆ ಬಂದು ಪದ್ಯವನ್ನು ನೋಡಿದೆ. ಪದವನ್ನು ಎಲ್ಲಿ ಬಿಡಿಸಬಾರದೋ ಅಲ್ಲಿಯೇ ಬಿಡಿಸಿದ್ದೆ. ಸರಿಯಾಗಿ ಓದಿದೆ, ಸದ್ದು ಬರಲಿಲ್ಲ. ಅಂದಿನಿಂದ ಅವರು ಇರುವತನಕ, ರಜೆಯಲ್ಲಿ ಊರಿಗೆ ಹೋದಾಗಲೆಲ್ಲ, ಮಂಚದ ಸದ್ದು ನಿಲ್ಲುವವರೆಗೆ ಒಂದೊಂದು ಪದ್ಯವನ್ನೂ ತಿರುತಿರುಗಿ ಓದಿದೆ. ಇಂದು ತರಗತಿಯಲ್ಲಿ ನಾನು ಪದ್ಯ ಓದುವ ರೀತಿ ವಿಶ್ವವಿದ್ಯಾನಿಲಯದಲ್ಲಿ ಕಲಿತದ್ದಲ್ಲ.

ಈ ವರ್ಷ ಸಂಪಾತಿಯ ಪ್ರಸಂಗಕ್ಕೆ ಒಂದು ಗಂಟೆಯ ಪಾಠವನ್ನು ಹೆಚ್ಚಾಗಿ ತೆಗೆದಿಟ್ಟಿದ್ದೇನೆ. ಪ್ರಶ್ನೆ ಕೇಳಿದ ಹುಡುಗ ತೇರ್ಗಡೆಯಾಗಿ ಕಾಲೇಜು ಬಿಟ್ಟುಹೋಗಿದ್ದಾನೆ. ಈ ಲೇಖನ ಅವನ ಕಣ್ಣಿಗೆ ಬಿದ್ದರೆ, ನಾಳೆ ಹೇಳುತ್ತೇನೆಂದು ಅಂದು ನಾನು ಉಳಿಸಿಕೊಂಡ ಉತ್ತರ ಇದೇ ಎಂದು ಅವನು ತಿಳಿಯಲಿ.